ಹರಿವು ನಿಲ್ಲದಂತೆ ಹಾದಿ ಬದಲಿಸುವುದು: ತುಂಗಭದ್ರೆಯ ಕಾಲುವೆ ಜಾಲದ ಚರಿತ್ರೆಯಿಂದ ಕೆಲವು ವಿಚಾರಗಳು

೧

ಚಾಲನೆಯಲ್ಲಿರುವ ಜಾಲವೊಂದನ್ನು ಅದರ ಕಾರ್ಯವನ್ನು ನಿಲ್ಲಿಸದೆ ನವೀಕರಿಸುವುದು ಹೇಗೆ ಎಂಬುದು ಇಂದು ಕಂಪ್ಯೂಟರ್ ಜಾಲಗಳನ್ನು ನೋಡಿಕೊಳ್ಳುವವರ ನಿತ್ಯದ ಚಿಂತೆ. ರೌಟರ್ ಎಂಬ ಯಂತ್ರವು ತನ್ನ ಬಳಿಗೆ ಬಂದ ಸಂದೇಶವನ್ನು ಯಾವ ಹಾದಿಯಲ್ಲಿ ಮುಂದೆ ಕಳುಹಿಸಬೇಕೆಂದು ನಿರ್ಣಯಿಸುತ್ತದೆ. ಅದರೊಳಗಿನ ಸಾಫ್ಟ್‌ವೇರನ್ನು ಬದಲಿಸುವವನು ಬಹುಮಟ್ಟಿಗೆ ಆ ಯಂತ್ರವಿರುವ ಊರಿಗೆ ಹೋಗುವುದಿಲ್ಲ. ಅದೇ ಜಾಲದ ಮೂಲಕ ಯಂತ್ರವನ್ನು ತಲುಪಿ ಹೊಸ ಆಜ್ಞೆಗಳನ್ನು ಕೊಡುತ್ತಾನೆ. ಬದಲಾವಣೆ ತಪ್ಪಿದರೆ ಯಂತ್ರ ಕೆಡುವುದರ ಜೊತೆಗೆ, ಅದನ್ನು ಸರಿಪಡಿಸಲು ತಲುಪಬೇಕಾದ ಹಾದಿಯೂ ಮುಚ್ಚಿಹೋಗುತ್ತದೆ. ಕುಳಿತ ಕೊಂಬೆಯನ್ನೇ ಕಡಿದವನ ಸ್ಥಿತಿ ಅವನದು. ೨೦೨೧ರ ಅಕ್ಟೋಬರ್ ೪ರಂದು ಫೇಸ್‌ಬುಕ್ ಸಂಸ್ಥೆಯ ಜಾಲಕ್ಕೆ ಒದಗಿದ್ದು ಇದೇ. ನಿರ್ವಹಣೆಗೆಂದು ಕೊಟ್ಟ ಒಂದು ಆಜ್ಞೆಯಿಂದ ಸಂಸ್ಥೆಯ ಕೇಂದ್ರಗಳ ನಡುವಣ ಸಂಪರ್ಕವೇ ಕಡಿದು, ದೂರದಿಂದ ದುರಸ್ತಿ ಸಾಧ್ಯವಾಗದೆ, ಎಂಜಿನಿಯರುಗಳು ಸ್ವತಃ ಯಂತ್ರಗಳಿದ್ದ ಸ್ಥಳಕ್ಕೆ ಹೋಗಬೇಕಾಯಿತು. ಸೇವೆ ಮರಳಲು ಸುಮಾರು ಆರು ಗಂಟೆಗಳು ಹಿಡಿದವು.

ಈ ಸಮಸ್ಯೆಯ ಯಂತ್ರಗಳು ಹೊಸವಾದರೂ ಅದರ ಸ್ವರೂಪ ಬಹಳ ಹಳೆಯದು. ಎಲ್ಲಿಂದಲೋ ಬಂದದ್ದನ್ನು ಹಲವು ಹಾದಿಗಳಲ್ಲಿ ಹಂಚಿ ದೂರದ ತುದಿಯವರೆಗೆ ಮುಟ್ಟಿಸುವ ವ್ಯವಸ್ಥೆ ಯಾವುದಿದ್ದರೂ ಈ ಪ್ರಶ್ನೆ ಹುಟ್ಟುತ್ತದೆ. ಹೊಸಪೇಟೆ, ಹಂಪಿ, ಕಂಪ್ಲಿಗಳ ಮೂಲಕ ಹಾಯುವ ವಿಜಯನಗರದ ಕಾಲುವೆಗಳು ಅಂತಹ ಒಂದು ಜಾಲ. ಅವುಗಳಲ್ಲಿ ಹಲವು ಐದು ಶತಮಾನಗಳಿಗೂ ಮಿಕ್ಕಿ ಹರಿದಿವೆ. ಈ ಅವಧಿಯಲ್ಲಿ ರಾಜ್ಯಗಳು ಅಳಿದವು, ಗಡಿಗಳು ಸರಿದವು, ನದಿಗೆ ಅಡ್ಡಲಾಗಿ ಮಹಾ ಅಣೆಕಟ್ಟೊಂದು ಎದ್ದಿತು, ಕೆಲವು ಕಾಲುವೆಗಳ ತಲೆಬಾಯಿಗಳೇ ನೀರಿನಲ್ಲಿ ಮುಳುಗಿದವು. ಆದರೂ ಗದ್ದೆಗಳಿಗೆ ನೀರು ಹರಿಯುತ್ತಲೇ ಬಂದಿದೆ. ಇದು ಹೇಗೆ ಸಾಧ್ಯವಾಯಿತು, ಎಲ್ಲೆಲ್ಲಿ ಸಾಧ್ಯವಾಗಲಿಲ್ಲ ಎಂಬುದನ್ನು ಪರಿಶೀಲಿಸಿದರೆ ಹಳೆಯ ಜಾಲವನ್ನು ಹೊಸದಾಗಿಸುವ ಕಾರ್ಯಕ್ಕೆ ಅನ್ವಯಿಸುವ ಕೆಲವು ನಿಯಮಗಳು ದೊರೆಯುತ್ತವೆಂದು ನಮ್ಮ ಭಾವನೆ. ಆ ಪರಿಶೀಲನೆಯೇ ಪ್ರಸ್ತುತ ಲೇಖನದ ಉದ್ದೇಶ.

೨

ಮೊದಲು ಜಾಲದ ಸ್ವರೂಪವನ್ನು ಅರಿಯುವುದು ಅವಶ್ಯಕ. ನೀರಾವರಿ ಇಲಾಖೆಯ ಲೆಕ್ಕದಲ್ಲಿ ವಿಜಯನಗರ ಕಾಲುವೆಗಳೆಂದು ಹೆಸರಾದವು ಒಟ್ಟು ೧೬. ನದಿಯ ಬಲದಂಡೆಯಲ್ಲಿ ರಾಯ, ಬಸವಣ್ಣ, ಬೆಲ್ಲ, ಕಾಳಘಟ್ಟ, ತುರ್ತಾ, ರಾಮಸಾಗರ, ಕಂಪ್ಲಿ, ಬೆಳಗೋಡುಹಾಳು, ಸಿರುಗುಪ್ಪ, ದೇಶನೂರು ಎಂಬ ಹತ್ತು. ಎಡದಂಡೆಯಲ್ಲಿ ಹುಲಿಗಿ, ಶಿವಪುರ, ಆನೆಗೊಂದಿ, ಗಂಗಾವತಿಯ ಮೇಲಿನ ಮತ್ತು ಕೆಳಗಿನ ಕಾಲುವೆಗಳು, ಬಿಚ್ಚಾಲ ಎಂಬ ಆರು. ಇವೆಲ್ಲವೂ ಸೇರಿ ಸುಮಾರು ೧೧ ಸಾವಿರ ಹೆಕ್ಟೇರಿನ ಅಚ್ಚುಕಟ್ಟಿಗೆ ನೀರುಣಿಸುತ್ತವೆ. ಇಂದಿನ ದೊಡ್ಡ ಯೋಜನೆಗಳ ಮುಂದೆ ಈ ಸಂಖ್ಯೆ ಚಿಕ್ಕದೆನಿಸಬಹುದು. ಆದರೆ ವರ್ಷದ ಬಹುಪಾಲು ತಿಂಗಳು ನೀರು ಕಾಣುವ ನೆಲವಿದು. ಭತ್ತ, ಕಬ್ಬು, ಬಾಳೆಗಳನ್ನು ತಲೆಮಾರುಗಳಿಂದ ಬೆಳೆದುಕೊಂಡು ಬಂದ ನೆಲ.

ಈ ಜಾಲದ ವಿಶೇಷವಿರುವುದು ಅದರ ಅಣೆಗಳಲ್ಲಿ. ಹಳೆಯ ಅಣೆಯೆಂದರೆ ನದಿಯನ್ನು ನೇರವಾಗಿ ಅಡ್ಡಗಟ್ಟಿದ ಎತ್ತರದ ಗೋಡೆಯಲ್ಲ. ನದೀಪಾತ್ರದಲ್ಲಿ ಸಹಜವಾಗಿ ಇರುವ ಬಂಡೆಗಳನ್ನೂ ನಡುಗಡ್ಡೆಗಳನ್ನೂ ಆಧಾರವಾಗಿ ಹಿಡಿದು, ಅವುಗಳ ನಡುವಣ ಸಂದುಗಳಲ್ಲಿ ದೊಡ್ಡ ಕಲ್ಲುಗಳನ್ನು ಕೂಡಿಸಿ, ಓರೆಯಾಗಿ ಕಟ್ಟಿದ ತಗ್ಗಿನ ಒಡ್ಡು ಅದು. ಕೆಲವೆಡೆ ಕಲ್ಲುಗಳನ್ನು ಕಬ್ಬಿಣದ ಪಟ್ಟಿಗಳಿಂದ ಬಿಗಿದಿದ್ದಾರೆ. ಹೊಳೆ ತುಂಬಿದಾಗ ನೀರು ಅದರ ಮೇಲೆಯೇ ಹಾದುಹೋಗುತ್ತದೆ. ಬೇಸಗೆಯಲ್ಲಿ ಕಲ್ಲುಗಳ ಸಂದಿನಿಂದ ಸೋರುತ್ತದೆ. ಈ ಸೋರಿಕೆ ಕಟ್ಟಿದವರ ಅಜ್ಞಾನದ ಫಲವಲ್ಲ. ಮೇಲಿನ ಅಣೆಯು ನದಿಯನ್ನು ಪೂರ್ಣವಾಗಿ ತಡೆದಿದ್ದರೆ ಕೆಳಗಿನ ಅಣೆಗೆ ನೀರೇ ಇರುತ್ತಿರಲಿಲ್ಲ. ಮೇಲಿನದು ತನಗೆ ಬೇಕಾದಷ್ಟನ್ನು ತಿರುಗಿಸಿಕೊಂಡು ಉಳಿದುದನ್ನು ಬಿಟ್ಟುಕೊಡುತ್ತಿದ್ದುದರಿಂದಲೇ ವಲ್ಲಭಾಪುರದಿಂದ ಸಿರುಗುಪ್ಪದವರೆಗೆ ಒಂದರ ಕೆಳಗೊಂದರಂತೆ ಅಣೆಗಳು ನಿಲ್ಲುವುದು ಸಾಧ್ಯವಾಯಿತು.

ಇದರಿಂದ ಎರಡು ಪರಿಣಾಮಗಳು ಉಂಟಾದವು. ಮೊದಲನೆಯದಾಗಿ, ಪ್ರತಿಯೊಂದು ಕಾಲುವೆಗೂ ತನ್ನದೇ ಆದ ತಲೆಬಾಯಿ ಇತ್ತು. ಒಂದು ಅಣೆ ಕೆಟ್ಟರೆ ಕೆಡುತ್ತಿದ್ದುದು ಅದೊಂದೇ ಕಾಲುವೆ. ಉಳಿದವು ತಮ್ಮ ಪಾಡಿಗೆ ಹರಿಯುತ್ತಿದ್ದವು. ಎರಡನೆಯದಾಗಿ, ಇಂತಹ ಅಣೆ ಒಮ್ಮೆಲೇ ಕುಸಿಯುವಂಥದಲ್ಲ. ಮಹಾಪೂರದಲ್ಲಿ ಹತ್ತು ಕಲ್ಲು ಉರುಳಿದರೆ ಕಾಲುವೆಯ ನೀರು ಒಂದು ಗೇಣು ಇಳಿಯುತ್ತಿತ್ತು. ಹೊಳೆ ತಗ್ಗಿದ ಮೇಲೆ ಊರವರು ಅದೇ ಕಲ್ಲುಗಳನ್ನು ತಿರುಗಿ ಏರಿಸುತ್ತಿದ್ದರು. ಕೆಡುವುದೂ ನಿಧಾನ, ಸರಿಪಡಿಸುವುದೂ ಸ್ಥಳದಲ್ಲೇ. ದುರಸ್ತಿಗೆ ಬೇಕಾದ ಸಾಮಗ್ರಿ ಅಲ್ಲಿಯೇ ನದೀಪಾತ್ರದಲ್ಲಿ ಬಿದ್ದಿರುತ್ತಿತ್ತು.

೩

ವಿಜಯನಗರದ ಅರಸರು ಈ ಜಾಲವನ್ನು ಬೆಳೆಸಿದ ಕ್ರಮ ಗಮನಾರ್ಹವಾದುದು. ನದಿಗೆ ಮಹಾ ಬಂಡೆಗಳನ್ನು ಉರುಳಿಸಿ ಅಣೆಯನ್ನು ಕಟ್ಟಿಸಿ, ನಗರಕ್ಕೆ ನೀರು ತಂದ ಅರಸನೊಬ್ಬನ ವೃತ್ತಾಂತವನ್ನು ಪೋರ್ಚುಗೀಸ್ ಬರಹಗಾರ ನೂನಿಜನು ಹೇಳುತ್ತಾನೆ. ರಾಬರ್ಟ್ ಸೂಯೆಲ್ಲರು ೧೯೦೦ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಇದನ್ನು ಒಂದನೆಯ ದೇವರಾಯನ ಕಾಲಕ್ಕೆ, ಎಂದರೆ ಹದಿನೈದನೆಯ ಶತಮಾನದ ಆರಂಭಕ್ಕೆ ಹೊಂದಿಸಿದ್ದಾರೆ. ಹಂಪಿಯ ದೇವಾಲಯಗಳ ಪ್ರದೇಶಕ್ಕೂ ಅರಮನೆಯ ಪ್ರದೇಶಕ್ಕೂ ನಡುವಣ ಕಣಿವೆಯಲ್ಲಿ ಹಾಯುವ ತುರ್ತಾ ಕಾಲುವೆ, ಜನರ ಬಾಯಲ್ಲಿ ಹಿರಿಯ ಕಾಲುವೆ, ಈ ಜಾಲದ ಹಳೆಯ ಎಳೆಗಳಲ್ಲಿ ಒಂದು. ಅನಂತರ ೧೫೨೧ರಲ್ಲಿ ಕೃಷ್ಣದೇವರಾಯನು ಕೊರಗಲ್ಲಿನ ಅಣೆ ಮತ್ತು ಕಾಲುವೆಯನ್ನೂ ಬಸವಣ್ಣ ಕಾಲುವೆಯನ್ನೂ ನಿರ್ಮಿಸಿದನೆಂದು ಸೂಯೆಲ್ಲರು ತಿಳಿಸುತ್ತಾರೆ. ಅವರು ಬರೆಯುವ ಕಾಲಕ್ಕೂ ಈ ಎರಡೂ ಬಳಕೆಯಲ್ಲಿದ್ದವು.

ಇಲ್ಲಿ ನಾವು ಒತ್ತಿ ಹೇಳಬೇಕಾದ ಸಂಗತಿ ಒಂದಿದೆ. ಹೊಸ ಪಟ್ಟಣವಾದ ನಾಗಲಾಪುರಕ್ಕೆ, ಎಂದರೆ ಇಂದಿನ ಹೊಸಪೇಟೆಯ ನೆಲೆಗೆ ನೀರು ಬೇಕಾದಾಗ ಹಳೆಯ ಹಿರಿಯ ಕಾಲುವೆಯನ್ನು ಒಡೆದು ಹಿಗ್ಗಿಸಲಿಲ್ಲ. ಮೇಲ್ಭಾಗದಲ್ಲಿ ಹೊಸ ಅಣೆ ಕಟ್ಟಿ ಹೊಸ ಹಾದಿಯನ್ನು ತೆರೆದರು. ಹಳೆಯದು ತನ್ನ ಗದ್ದೆಗಳಿಗೆ ಹರಿಯುತ್ತಿರುವಾಗಲೇ ಹೊಸದು ಅದರ ಪಕ್ಕದಲ್ಲಿ ಸಿದ್ಧವಾಯಿತು. ಹೊಸದು ವಿಫಲವಾಗಿದ್ದರೂ ಹಳೆಯ ಅಚ್ಚುಕಟ್ಟಿನ ಒಂದು ಮಡಿಯೂ ಒಣಗುತ್ತಿರಲಿಲ್ಲ.

ವಿಫಲತೆಯೇನೂ ಊಹೆಯ ಮಾತಲ್ಲ. ಅದೇ ಕಾಲದಲ್ಲಿ ಹೊಸಪೇಟೆಯ ಬಳಿ ಕೃಷ್ಣದೇವರಾಯನು ಕಟ್ಟಿಸಿದ ದೊಡ್ಡ ಕೆರೆಯ ವಿಷಯವನ್ನು ಪೇಯಸ್ ಮತ್ತು ನೂನಿಜ್ ಇಬ್ಬರೂ ಹೇಳಿದ್ದಾರೆ. ಈ ಕಾರ್ಯದಲ್ಲಿ ಜೊವಾವೊ ದೆ ಲಾ ಪೊಂತೆ ಎಂಬ ಪೋರ್ಚುಗೀಸ್ ಕಲ್ಲುಕೆಲಸಗಾರನು ನೆರವಾದನೆಂದು ನೂನಿಜನ ಹೇಳಿಕೆ. ಕೆರೆಯ ಏರಿ ಎರಡು ಮೂರು ಬಾರಿ ಒಡೆಯಿತೆಂದೂ, ಹದಿನೈದು ಇಪ್ಪತ್ತು ಸಾವಿರ ಜನ ಅಲ್ಲಿ ದುಡಿಯುತ್ತಿದ್ದರೆಂದೂ ಪೇಯಸನು ಬರೆದಿದ್ದಾನೆ. ರಾಜನ ಸಂಪತ್ತು, ಜನಬಲ, ಪರದೇಶದ ಕೌಶಲ ಎಲ್ಲವೂ ಇದ್ದರೂ ಹೊಸ ಕಟ್ಟಡ ಮೊದಲ ಯತ್ನಕ್ಕೆ ನಿಲ್ಲಲಿಲ್ಲ. ಆದರೂ ನಗರದ ನೀರು ನಿಲ್ಲಲಿಲ್ಲ. ಏಕೆಂದರೆ ನಗರವು ಆ ಕೆರೆಯೊಂದನ್ನೇ ನಂಬಿ ಕುಳಿತಿರಲಿಲ್ಲ.

ಕೆರೆಗಳ ವಿಷಯ ಬಂದುದರಿಂದ ಸಂಡೂರಿನ ಕಡೆಗೂ ನೋಡಬೇಕಾಗುತ್ತದೆ. ಅಲ್ಲಿನ ವ್ಯವಸ್ಥೆ ಕಾಲುವೆಗಳಿಗಿಂತ ಭಿನ್ನವಾದುದು. ಸಂಡೂರಿನ ಬೆಟ್ಟಸಾಲುಗಳ ನಡುವೆ ಹರಿಯುವ ನಾರಿಹಳ್ಳವು ಬೆಟ್ಟದ ಗಂಡಿಯನ್ನು ದಾಟಿ ದರೋಜಿಯ ಬಯಲಿಗೆ ಇಳಿಯುತ್ತದೆ. ಈ ಬಯಲಿನ ಕೆರೆಗಳು ಸರಪಳಿಯಂತೆ ಹೆಣೆದವು; ಮೇಲಿನ ಕೆರೆಯ ಕೋಡಿಯ ನೀರೇ ಕೆಳಗಿನ ಕೆರೆಯ ಒಳಹರಿವು. ನೀರಿಗೆ ಇಲ್ಲಿ ಇರುವುದು ಒಂದೇ ಹಾದಿ. ಮೇಲಿನ ಏರಿ ಒಡೆದರೆ ಆ ನೀರಿನ ಹೊಡೆತ ಕೆಳಗಿನ ಏರಿಯ ಮೇಲೆ ಬೀಳುತ್ತದೆ. ದರೋಜಿಯ ದೊಡ್ಡ ಕೆರೆಯ ಏರಿಯೇ ೧೮೫೧ರ ಬಿರುಮಳೆಯಲ್ಲಿ ಒಡೆದಿತ್ತು. ಅಮೆರಿಕದ ವಿದುಷಿ ಕ್ಯಾಥ್ಲೀನ್ ಮಾರಿಸನ್ನರು ದರೋಜಿ ಕಣಿವೆಯನ್ನು ಕುರಿತು ೨೦೦೯ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಕೆರೆಗಳ ಏಳುಬೀಳುಗಳನ್ನು ವಿಸ್ತಾರವಾಗಿ ಅಧ್ಯಯನ ಮಾಡಿದ್ದಾರೆ. ಸರಪಳಿಯ ಜಾಲಕ್ಕೂ ಹಲವು ತಲೆಬಾಯಿಗಳ ಜಾಲಕ್ಕೂ ಇರುವ ಅಂತರ ಹೊಸಪೇಟೆಯಿಂದ ಸಂಡೂರಿಗೆ ಹೋಗುವ ಒಂದು ಹಗಲಿನ ಪ್ರಯಾಣದಲ್ಲಿ ಕಣ್ಣಿಗೆ ಬೀಳುತ್ತದೆ.

ಇನ್ನು ನಿರ್ವಹಣೆಯ ವಿಚಾರ. ಕೆರೆಯನ್ನೋ ಕಾಲುವೆಯನ್ನೋ ಕಟ್ಟಿಸಿದವನಿಗೆ, ದುರಸ್ತಿ ನೋಡಿಕೊಳ್ಳುವವನಿಗೆ ದಶವಂದ, ಕಟ್ಟುಕೊಡಗೆ ಎಂಬ ಹೆಸರಿನಲ್ಲಿ ಭೂಮಿಯನ್ನು ಬಿಟ್ಟುಕೊಡುವ ಪದ್ಧತಿ ಶಾಸನಗಳಿಂದ ಚೆನ್ನಾಗಿ ತಿಳಿದುಬಂದಿದೆ. ಊರ ನೀರುಗಂಟಿಯು ಯಾರ ಗದ್ದೆಗೆ ಯಾವ ಹೊತ್ತಿನಲ್ಲಿ ನೀರು ಎಂಬುದನ್ನು ತಾನೇ ನಿಂತು ನಡೆಸುತ್ತಿದ್ದನು. ೧೫೬೫ರ ಜನವರಿಯ ಯುದ್ಧದ ತರುವಾಯ ರಾಜಧಾನಿ ಹಾಳಾಯಿತು. ಅರಮನೆಯ ಆವರಣದಲ್ಲಿ ಕಲ್ಲಿನ ಮೇಲ್ಗಾಲುವೆಗಳ ಮೂಲಕ ಕೊಳಗಳಿಗೆ ನೀರು ಹಂಚುತ್ತಿದ್ದ ಜಾಲ ಸತ್ತಿತು. ಇಂದು ಅದು ಉತ್ಖನನದಿಂದ ಹೊರಬಂದ ಅವಶೇಷ. ಆದರೆ ಅದರಿಂದ ಕೂಗಳತೆಯ ದೂರದಲ್ಲಿರುವ ಹಿರಿಯ ಕಾಲುವೆ ಬದುಕಿ ಉಳಿಯಿತು. ಒಂದನ್ನು ನೋಡಿಕೊಳ್ಳುತ್ತಿದ್ದುದು ಅರಮನೆ, ಇನ್ನೊಂದನ್ನು ನೋಡಿಕೊಳ್ಳುತ್ತಿದ್ದುದು ಗದ್ದೆಯವರು ಎಂಬುದೇ ಇದಕ್ಕೆ ಮುಖ್ಯ ಕಾರಣವೆಂದು ನಾವು ತಿಳಿಯುತ್ತೇವೆ.

೪

ಈ ಜಾಲದ ಚರಿತ್ರೆಯಲ್ಲಿ ಅತಿ ದೊಡ್ಡ ಬದಲಾವಣೆ ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ನಡೆಯಿತು. ಬುಕ್ಕರಾಯನ ಮಗ ಭಾಸ್ಕರ ಭವದೂರನು ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಹಾಕಿಸಿದ ೧೩೬೯ರ ಶಾಸನವು ಕೆರೆಗೆ ಇರಬೇಕಾದ ಹನ್ನೆರಡು ಅಂಗಗಳನ್ನೂ ಇರಬಾರದ ಆರು ದೋಷಗಳನ್ನೂ ಎಣಿಸುತ್ತದೆ. ಎರಡು ರಾಜ್ಯಗಳ ಗಡಿಯಲ್ಲಿರುವುದು ಆ ದೋಷಗಳಲ್ಲೊಂದು. ತುಂಗಭದ್ರಾ ಜಲಾಶಯ ಕಟ್ಟಲ್ಪಟ್ಟಿದ್ದು ಸರಿಯಾಗಿ ಅಂತಹ ಸ್ಥಳದಲ್ಲಿ. ನದಿಯ ಬಲಭಾಗ ಮದರಾಸು ಪ್ರಾಂತ, ಎಡಭಾಗ ಹೈದರಾಬಾದು ಸಂಸ್ಥಾನ. ಬಹುಕಾಲದ ಮಾತುಕತೆಯ ಬಳಿಕ ೧೯೪೪ರಲ್ಲಿ ಒಪ್ಪಂದವಾಗಿ, ೧೯೪೫ರ ಫೆಬ್ರವರಿ ೨೮ರಂದು ಎರಡೂ ಕಡೆಗಳಲ್ಲಿ ಶಂಕುಸ್ಥಾಪನೆ ನೆರವೇರಿತು. ಮದರಾಸಿನ ಕಡೆಯಲ್ಲಿ ತಿರುಮಲೆ ಅಯ್ಯಂಗಾರ್ಯರ ನೇತೃತ್ವದಲ್ಲಿ ಕೆಲಸ ಸಾಗಿತು. ಗೋಡೆಗೆ ಸಿಮೆಂಟಿನ ಬದಲು ಸುಣ್ಣ ಮತ್ತು ಸುರ್ಕಿಯ ಗಾರೆಯನ್ನು ಬಳಸಿದರು. ೧೯೫೩ರಲ್ಲಿ ಜಲಾಶಯದಿಂದ ಕಾಲುವೆಗಳಿಗೆ ನೀರು ಬಿಡಲಾಯಿತು.

ಅದೇ ವರ್ಷ ಆಡಳಿತದ ಹಾದಿಯೂ ಬದಲಾಯಿತು. ೧೯೫೩ರ ಅಕ್ಟೋಬರ್ ೧ರಂದು ಹೊಸಪೇಟೆಯನ್ನೊಳಗೊಂಡ ಬಳ್ಳಾರಿ ಜಿಲ್ಲೆಯ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ನೀರಿನ ನಿಯಂತ್ರಣಕ್ಕಾಗಿ ತುಂಗಭದ್ರಾ ಮಂಡಲಿ ರಚಿತವಾಯಿತು. ೧೯೫೬ರ ನವೆಂಬರ್ ೧ರಂದು ಎಡದಂಡೆಯ ರಾಯಚೂರು ಜಿಲ್ಲೆಯೂ ಮೈಸೂರಿಗೆ ಬಂದಿತು. ಮೂರು ವರ್ಷಗಳಿಗಿಂತ ತುಸು ಹೆಚ್ಚಿನ ಅವಧಿಯಲ್ಲಿ ಒಂದೇ ನದಿಯ ಒಡೆಯರು ಎರಡು ಬಾರಿ ಬದಲಾದರು.

ಜಲಾಶಯದ ನೀರಿನಲ್ಲಿ ಸುಮಾರು ೯೦ ಹಳ್ಳಿಗಳು ಮುಳುಗಿದವು. ನಾರಾಯಣದೇವರಕೆರೆಯ ಜನ ಮರಿಯಮ್ಮನಹಳ್ಳಿಯಲ್ಲಿ ಮತ್ತೆ ಮನೆ ಹೂಡಿದರು. ಊರುಗಳ ಜೊತೆಗೆ ವಲ್ಲಭಾಪುರದ ಅಣೆಯೂ ಸೇರಿದಂತೆ ಮೇಲ್ಭಾಗದ ಹಳೆಯ ಅಣೆಗಳು ಮುಳುಗಿದವು. ಈಗ ನಮ್ಮ ಪ್ರಶ್ನೆ ಅತ್ಯಂತ ಸ್ಪಷ್ಟವಾಗಿ ಎದುರಾಗುತ್ತದೆ. ರಾಯ ಮತ್ತು ಬಸವಣ್ಣ ಕಾಲುವೆಗಳ ತಲೆಬಾಯಿಗಳು ನೀರಿನಡಿಯಲ್ಲಿ ಕಾಣೆಯಾದ ಮೇಲೆ ಹೊಸಪೇಟೆಯ ಗದ್ದೆಗಳ ಗತಿಯೇನು?

ಇದಕ್ಕೆ ಕಂಡುಕೊಂಡ ಉತ್ತರ ಸರಳವಾಗಿಯೂ ವಿವೇಕಯುತವಾಗಿಯೂ ಇದೆ. ಕಾಲುವೆಗಳ ಒಡಲನ್ನು ಹಾಗೆಯೇ ಉಳಿಸಿ ತಲೆಯನ್ನು ಮಾತ್ರ ಬದಲಿಸಿದರು. ಅಣೆಕಟ್ಟಿನ ಬಲಭಾಗದಿಂದ ತೂಬಿನ ಮೂಲಕ ಜಲಾಶಯದ ನೀರನ್ನೇ ಈ ಎರಡು ಕಾಲುವೆಗಳಿಗೆ ನೇರವಾಗಿ ಬಿಡುವ ವ್ಯವಸ್ಥೆಯಾಯಿತು. ಕಾಲುವೆಯ ಅಂಕುಡೊಂಕು, ಹಂಚಿಕೆಯ ಬಾಯಿಗಳು, ಗದ್ದೆಗಳ ಸರದಿ ಎಲ್ಲವೂ ಹಿಂದಿನಂತೆಯೇ ಉಳಿದವು. ನೀರು ಬರುತ್ತಿದ್ದ ಮೂಲ ಬದಲಾದುದು ಕೊನೆಯ ಗದ್ದೆಯವನ ಅನುಭವಕ್ಕೆ ಬರಬೇಕಾಗಿರಲಿಲ್ಲ. ಇಂತಹ ಕೆಲಸದಲ್ಲಿ ಕ್ರಮವೇ ಮುಖ್ಯ. ಹೊಸ ತೂಬು ಸಿದ್ಧವಾದ ಮೇಲೆ ಹಳೆಯ ಅಣೆ ಮುಳುಗಬಹುದು. ಹಳೆಯದು ಮುಳುಗಿದ ಮೇಲೆ ತೂಬನ್ನು ಕಟ್ಟಲು ಹೊರಟರೆ ನಡುವೆ ಒಂದು ಬೆಳೆ ಹೋಗುತ್ತದೆ. ಜಲಾಶಯದ ನೀರು ಒಮ್ಮೆ ಏರಿದರೆ ಹಿಂದಿನ ಸ್ಥಿತಿಗೆ ಮರಳಲು ಹಾದಿಯೇ ಇರಲಿಲ್ಲವೆಂಬುದನ್ನು ನೆನೆದರೆ ಈ ಕ್ರಮದ ಬೆಲೆ ತಿಳಿಯುತ್ತದೆ.

ಅಣೆಕಟ್ಟಿನ ಕೆಳಗಿನ ತುರ್ತಾ, ರಾಮಸಾಗರ, ಕಂಪ್ಲಿ ಮೊದಲಾದ ಕಾಲುವೆಗಳ ಅಣೆಗಳು ಯಥಾಸ್ಥಾನದಲ್ಲಿ ಉಳಿದವು. ಆದರೆ ಅವುಗಳಿಗೆ ಬರುವ ನೀರು ಇನ್ನು ನದಿಯ ಸಹಜ ಹರಿವಲ್ಲ, ಮೇಲಿನಿಂದ ಬಿಟ್ಟ ನೀರು. ಕೃಷ್ಣಾ ನ್ಯಾಯಾಧಿಕರಣದ ೧೯೭೬ರ ತೀರ್ಪಿನ ಬಳಿಕವೂ ಈ ಹಳೆಯ ಕಾಲುವೆಗಳಿಗೆ ಜಲಾಶಯದ ಲೆಕ್ಕದಲ್ಲಿ ಪ್ರತ್ಯೇಕ ಪಾಲು ಉಳಿದುಬಂದಿತು. ಐನೂರು ವರ್ಷದ ಬಳಕೆ ಹೀಗೆ ಹೊಸ ಕಾಲದ ಹಕ್ಕಾಗಿ ಪರಿಣಮಿಸಿತು.

೫

ಈ ಬದಲಾವಣೆಯ ಲಾಭಗಳನ್ನು ಯಾರೂ ಅಲ್ಲಗಳೆಯಲಾರರು. ಬೇಸಗೆಯಲ್ಲಿ ಬತ್ತುತ್ತಿದ್ದ ಹೊಳೆಯ ಬದಲು ಜಲಾಶಯದ ಸಂಗ್ರಹ ದೊರೆಯಿತು. ಎಡದಂಡೆಯಲ್ಲಿ, ಬಲದಂಡೆಯ ಮೇಲ್ಮಟ್ಟದಲ್ಲಿ, ಕೆಳಮಟ್ಟದಲ್ಲಿ ಹೊಸ ದೊಡ್ಡ ಕಾಲುವೆಗಳು ತೆರೆದವು. ಆದರೆ ಜಾಲದ ಸ್ವಭಾವವೂ ಬದಲಾಯಿತೆಂಬುದನ್ನು ಗುರುತಿಸಬೇಕು. ಹಿಂದೆ ಹಲವು ಅಣೆಗಳಲ್ಲಿ ಹಂಚಿಹೋಗಿದ್ದ ನಿಯಂತ್ರಣ ಈಗ ಒಂದೆಡೆ ಸೇರಿತು. ೬೦ ಅಡಿ ಅಗಲ, ೨೦ ಅಡಿ ಎತ್ತರದ ೩೩ ಉಕ್ಕಿನ ಗೇಟುಗಳು ಜಲಾಶಯದ ಮೇಲ್ಭಾಗದ ನೀರನ್ನು ಹಿಡಿದು ನಿಂತವು. ಕಲ್ಲಿನ ಅಣೆಯಂತೆ ಇವು ನಿಧಾನವಾಗಿ ಸೋರಿ ಎಚ್ಚರಿಸುವಂಥವಲ್ಲ.

೨೦೨೪ರ ಆಗಸ್ಟ್ ೧೦ರ ರಾತ್ರಿ ೧೯ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಆಗ ಜಲಾಶಯ ಬಹುತೇಕ ತುಂಬಿತ್ತು. ಅದರ ಪೂರ್ಣ ಸಾಮರ್ಥ್ಯ, ಹೂಳು ತುಂಬಿ ತಗ್ಗಿದ ಮೇಲಿನ ಲೆಕ್ಕದಲ್ಲಿ, ೧೦೫.೭೮೮ ಟಿ.ಎಂ.ಸಿ. ಆ ಒಂದು ಬಾಯಿಯಿಂದಲೇ ಸುಮಾರು ೩೫ ಸಾವಿರ ಕ್ಯುಸೆಕ್ ನೀರು ಹೊರಬಿದ್ದಿತು. ಒತ್ತಡವನ್ನು ಸಮತೂಗಿಸಲು ಉಳಿದ ಗೇಟುಗಳನ್ನೂ ಎತ್ತಿ, ಒಟ್ಟು ಹೊರಹರಿವು ಲಕ್ಷ ಕ್ಯುಸೆಕ್ಕಿನ ಮಟ್ಟ ಮುಟ್ಟಿತು. ಹೊಳೆ ಏರಿದರೆ ಕಂಪ್ಲಿ ಗಂಗಾವತಿಗಳ ನಡುವಣ ಸೇತುವೆಯೂ ಮುಳುಗಿ ಸಂಚಾರ ನಿಲ್ಲುವುದು ಅಲ್ಲಿಯವರು ಹಲವು ವರ್ಷ ಕಂಡ ಸಂಗತಿ. ಆದರೆ ಆ ವಾರ ನಾಲ್ಕು ಜಿಲ್ಲೆಗಳ ರೈತರನ್ನು ಕಾಡಿದ ಭಯ ನೆರೆಯದಲ್ಲ, ಬರದ್ದು. ಗೇಟಿನ ತಳಮಟ್ಟಕ್ಕೆ ನೀರು ಇಳಿಯದೆ ದುರಸ್ತಿ ಅಸಾಧ್ಯವಾದರೆ ಸುಮಾರು ೬೦ ಟಿ.ಎಂ.ಸಿ. ನೀರನ್ನು ಹೊಳೆಗೆ ಬಿಟ್ಟುಬಿಡಬೇಕಾಗಿತ್ತು. ನಾಟಿಯಾದ ಭತ್ತಕ್ಕೆ ಮುಂದೆ ನೀರೆಲ್ಲಿ?

ಇತರ ಹಲವು ಅಣೆಕಟ್ಟುಗಳಲ್ಲಿ ಮುಖ್ಯ ಗೇಟಿನ ಮುಂದೆ ಇಳಿಸಲು ಸ್ಟಾಪ್‌ಲಾಗ್ ಎಂಬ ಉಕ್ಕಿನ ಹಲಗೆಗಳನ್ನು ಸಿದ್ಧವಾಗಿ ಇಟ್ಟಿರುತ್ತಾರೆ. ಅವು ಇದ್ದರೆ ನೀರು ತುಂಬಿರುವಾಗಲೇ ಒಂದು ಬಾಯಿಯನ್ನು ಮುಚ್ಚಿ ಗೇಟನ್ನು ದುರಸ್ತಿ ಮಾಡಬಹುದು. ಇಲ್ಲಿ ಅಂತಹ ಸಿದ್ಧತೆ ಇರಲಿಲ್ಲ. ಗೇಟುಗಳ ತಜ್ಞರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಉಕ್ಕಿನ ಹಲಗೆಗಳನ್ನು ಸುತ್ತಮುತ್ತಲಿನ ಕಾರ್ಖಾನೆಗಳಲ್ಲಿ ಕೆಲವೇ ದಿನಗಳಲ್ಲಿ ಮಾಡಿಸಿ, ಆಗಸ್ಟ್ ೧೬ ಮತ್ತು ೧೭ರಂದು ಹರಿಯುವ ನೀರಿನಲ್ಲಿಯೇ ಒಂದರ ಮೇಲೊಂದನ್ನು ಇಳಿಸಿ ಬಾಯಿ ಮುಚ್ಚಿದರು. ಜಲಾಶಯದಲ್ಲಿ ೭೦ ಟಿ.ಎಂ.ಸಿ.ಯ ಆಸುಪಾಸು ನೀರು ಉಳಿಯಿತು; ಅದೇ ಮಳೆಗಾಲದಲ್ಲಿ ಮತ್ತೆ ಬಹುಮಟ್ಟಿಗೆ ತುಂಬಿತು.

ಈ ಘಟನೆಯನ್ನು ಸಾಹಸವೆಂದು ಕೊಂಡಾಡಿದ್ದು ನ್ಯಾಯವೇ. ಆದರೆ ಚರಿತ್ರೆಯ ವಿದ್ಯಾರ್ಥಿಗಳಾದ ನಮಗೆ ಇದರಲ್ಲಿ ಕಾಣುವುದು ಇನ್ನೊಂದು ಪಾಠ. ಜಾಲವು ಚಾಲನೆಯಲ್ಲಿರುವಾಗಲೇ ಅದರ ಒಂದು ಅಂಗವನ್ನು ಬೇರ್ಪಡಿಸಿ ಮುಟ್ಟಲು ಪ್ರತ್ಯೇಕ ಹಾದಿ ಬೇಕು. ಅದನ್ನು ಕಟ್ಟುವ ದಿನವೇ ಇಟ್ಟಿರಬೇಕು; ಆಪತ್ತಿನ ದಿನ ಅದನ್ನು ನಿರ್ಮಿಸಹೊರಟರೆ ಗೆಲುವು ದೈವಾಧೀನವಾಗುತ್ತದೆ. ಫೇಸ್‌ಬುಕ್ಕಿನ ಎಂಜಿನಿಯರುಗಳಿಗೂ ತುಂಗಭದ್ರೆಯ ಎಂಜಿನಿಯರುಗಳಿಗೂ ಅಡ್ಡಬಂದ ಕೊರತೆ ಮೂಲತಃ ಒಂದೇ.

೬

ಪೂರ್ಣ ನವೀಕರಣದ ಪ್ರಶ್ನೆ ಎದುರಾದುದು ಅನಂತರ. ಏಳು ದಶಕ ಹಳೆಯದಾದ ೩೩ ಗೇಟುಗಳನ್ನೂ ಬದಲಿಸಬೇಕೆಂಬ ನಿರ್ಣಯವಾಯಿತು. ಸುರಕ್ಷತೆಯ ದೃಷ್ಟಿಯಿಂದ ೨೦೨೫ರ ಮಳೆಗಾಲದಲ್ಲಿ ಸಂಗ್ರಹವನ್ನು ೮೦ ಟಿ.ಎಂ.ಸಿ.ಗೆ ಮಿತಿಗೊಳಿಸಲಾಯಿತು. ಗೇಟುಗಳ ಕೆಲಸಕ್ಕಾಗಿ ೨೦೨೫–೨೬ರ ಎರಡನೆಯ ಬೆಳೆಗೆ ನೀರು ಬಿಡದಿರಲು ತೀರ್ಮಾನಿಸಲಾಯಿತು. ಎಂದರೆ ಇಲ್ಲಿ ಹರಿವನ್ನು ನಿಲ್ಲಿಸಿಯೇ ನವೀಕರಿಸುವ ಹಾದಿಯನ್ನು ಹಿಡಿದರು. ಅದಕ್ಕೆ ತಾಂತ್ರಿಕ ಕಾರಣಗಳು ಪ್ರಬಲವಾಗಿದ್ದವು. ಮತ್ತೊಂದು ಗೇಟು ಮುರಿಯುವ ಭಯದ ಮುಂದೆ ಒಂದು ಬೆಳೆಯ ನಷ್ಟ ಸಹ್ಯವೆಂದು ವಾದಿಸಬಹುದು. ಆದರೆ ಆ ನಷ್ಟವನ್ನು ಹೊತ್ತವರು ಗದ್ದೆಯವರೆಂಬುದನ್ನು ಮರೆಯಲಾಗದು. ಸ್ವಂತ ನೆಲವಿಲ್ಲದೆ ನಾಟಿ, ಕಟಾವುಗಳ ಕೂಲಿಯನ್ನೇ ನಂಬಿದವರಿಗೆ ಆ ಆರು ತಿಂಗಳು ಕೆಲಸವೇ ಇಲ್ಲದ ಕಾಲ.

ಹಳೆಯ ಕಾಲುವೆಗಳ ನವೀಕರಣದಲ್ಲಿ ಸಮಸ್ಯೆ ಬೇರೆ ಬಗೆಯದು. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ೨೦೧೪ರಲ್ಲಿ ಮಂಜೂರಾದ ಕರ್ನಾಟಕದ ಜಲಸಂಪನ್ಮೂಲ ಯೋಜನೆಯಲ್ಲಿ ಮೊದಲು ಭದ್ರಾ ನದಿಯ ಗೋಂದಿ ಕಾಲುವೆಗಳನ್ನೂ ಬಳಿಕ ವಿಜಯನಗರ ಕಾಲುವೆಗಳನ್ನೂ ಕೈಗೆತ್ತಿಕೊಳ್ಳಲಾಯಿತು. ವರ್ಷದ ಬಹುಪಾಲು ನೀರು ಹರಿಯುವ ಕಾಲುವೆಯಲ್ಲಿ ಕೆಲಸ ಮಾಡಲು ಸಿಗುವ ಬಿಡುವು ಅತ್ಯಲ್ಪ. ಬಾಳೆ, ಕಬ್ಬುಗಳು ಭತ್ತದಂತೆ ಕಟಾವಾಗಿ ಹೊಲ ಬಿಟ್ಟುಕೊಡುವ ಬೆಳೆಗಳಲ್ಲ. ನಿಂತ ಬಾಳೆಗೆ ಕೆಲವು ವಾರ ನೀರು ತಪ್ಪಿದರೆ ವರ್ಷದ ದುಡಿಮೆ ಹೋಗುತ್ತದೆ. ಆದುದರಿಂದ ಕೆಲಸವನ್ನು ಬಿಡುವಿನ ಅವಧಿಗಳಿಗೆ ತುಂಡುತುಂಡಾಗಿ ಹಂಚಬೇಕಾಗುತ್ತದೆ. ಪ್ರತಿ ತುಂಡೂ ತನ್ನ ಬಿಡುವಿನಲ್ಲೇ ಮುಗಿದು, ನೀರು ಬಿಡುವ ದಿನಕ್ಕೆ ಕಾಲುವೆ ಮೊದಲಿನಿಂದ ಕೊನೆಯವರೆಗೆ ತೆರೆದಿರಬೇಕು.

ಇದರ ಜೊತೆಗೆ ಈ ಕಾಲುವೆಗಳು ಸ್ಮಾರಕಗಳೂ ಹೌದು. ಹಂಪಿ ೧೯೮೬ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ನದಿಗೆ ಸೇತುವೆ ಕಟ್ಟಹೊರಟ ಕಾರಣದಿಂದ ೧೯೯೯ರಿಂದ ೨೦೦೬ರವರೆಗೆ ಅದು ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿತ್ತು. ತಳವಾರಘಟ್ಟದಿಂದ ಆನೆಗೊಂದಿಗೆ ಕಟ್ಟುತ್ತಿದ್ದ ಆ ಸೇತುವೆ ೨೦೦೯ರ ಜನವರಿಯಲ್ಲಿ ಕುಸಿದುಬಿತ್ತು. ಆ ದಿನಗಳಲ್ಲಿಯೂ ಹೊಳೆ ದಾಟುವ ಹಾದಿ ಪೂರ್ಣವಾಗಿ ಮುಚ್ಚದಿದ್ದುದು ಹರಿಗೋಲುಗಳಿಂದ. ಹೊಸದು ಬರಲಿದೆಯೆಂಬ ನಂಬಿಕೆಯಿಂದ ಹಳೆಯ ದೋಣಿಗಾರರನ್ನು ಕಳುಹಿಸಿಬಿಟ್ಟಿದ್ದರೆ ಎರಡು ದಡಗಳ ಜನ ಏನು ಮಾಡಬೇಕಾಗಿತ್ತು?

ಹಳೆಯ ಕಾಲುವೆಗೆ ಕಾಂಕ್ರೀಟಿನ ಹೊದಿಕೆ ಹಾಕಿದರೆ ಸೋರಿಕೆ ತಗ್ಗಿ ನೀರು ತುದಿಗೆ ಬೇಗ ಮುಟ್ಟುತ್ತದೆಂಬುದು ನಿಜ. ಆದರೆ ಆ ಸೋರಿಕೆಯನ್ನೇ ನಂಬಿದ ಬಾವಿಗಳು, ಬಸಿನೀರನ್ನು ಬಳಸುವ ಗದ್ದೆಗಳು ಕಾಲುವೆಯ ಪಕ್ಕದಲ್ಲಿ ಇರುತ್ತವೆ. ನಕ್ಷೆಯಲ್ಲಿ ಕಾಣದ ಈ ಹಾದಿಗಳೂ ಜಾಲದ ಭಾಗಗಳೇ. ಹೊಸದನ್ನು ರಚಿಸುವವರು ಹಳೆಯದು ಏನೇನು ಕೆಲಸ ಮಾಡುತ್ತಿತ್ತೆಂಬುದನ್ನು ಪೂರ್ತಿ ಎಣಿಸದಿದ್ದರೆ, ಕೆಲಸ ಸರಿಯಾಗಿ ಮುಗಿದ ಮೇಲೆಯೂ ಯಾರೋ ಒಬ್ಬರ ಸಂಪರ್ಕ ಕಡಿದಿರುತ್ತದೆ.

೭

ಮೇಲಿನ ವಿವೇಚನೆಯಿಂದ ಹೊರಡುವ ನಿಯಮಗಳನ್ನು ಹೀಗೆ ಸಂಗ್ರಹಿಸಬಹುದು. ಒಂದು: ಹೊಸ ಹಾದಿಯಲ್ಲಿ ಹರಿವು ತುದಿಯನ್ನು ಮುಟ್ಟುವವರೆಗೆ ಹಳೆಯ ಹಾದಿಯನ್ನು ಮುಚ್ಚಬಾರದು, ೧೫೨೧ರಲ್ಲಿ ಹಳೆಯ ಕಾಲುವೆಯ ಪಕ್ಕದಲ್ಲಿ ಹೊಸದು ತೆರೆದ ಕ್ರಮವಿದು. ಎರಡು: ತಲೆಯನ್ನು ಬದಲಿಸುವಾಗ ಒಡಲನ್ನು ಕದಲಿಸಬಾರದು, ೧೯೫೩ರ ರಾಯ, ಬಸವಣ್ಣ ಕಾಲುವೆಗಳ ಮಾದರಿಯಿದು. ಮೂರು: ಕೆಟ್ಟ ಅಂಗವನ್ನು ತಲುಪಲು ಜಾಲದ ಹೊರಗಿನಿಂದ ಪ್ರತ್ಯೇಕ ಹಾದಿ ಇರಬೇಕು, ೨೦೨೪ರಲ್ಲಿ ಇಲ್ಲದೆಹೋದುದು ಇದು. ನಾಲ್ಕು: ಕೆಲಸಕ್ಕೆ ಬಿಡುವಿನ ಕಾಲವನ್ನು ಆಯಬೇಕು, ಆ ಬಿಡುವಿನಲ್ಲಿ ಮುಗಿಯದಿದ್ದರೆ ಹಿಂದಿನ ಸ್ಥಿತಿಗೆ ಮರಳುವ ಉಪಾಯ ಕೈಯಲ್ಲಿರಬೇಕು.

ಕಂಪ್ಯೂಟರ್ ಜಾಲಗಳ ನಿರ್ವಾಹಕರು ತಮ್ಮ ಅನುಭವದಿಂದ ಕಂಡುಕೊಂಡ ಪದ್ಧತಿಗಳು ಇವಕ್ಕೆ ಬಹಳ ಹತ್ತಿರವಾಗಿವೆ. ಜೋಡಿಯಾಗಿರುವ ರೌಟರುಗಳಲ್ಲಿ ಮೊದಲು ಒಂದರ ಸಂಚಾರವನ್ನು ಇನ್ನೊಂದಕ್ಕೆ ತಿರುಗಿಸಿ, ಬರಿದಾದುದನ್ನು ನವೀಕರಿಸಿ, ಅದು ಸರಿಯಾಗಿ ನಡೆಯುವುದನ್ನು ಕಂಡ ಮೇಲೆಯೇ ಎರಡನೆಯದನ್ನು ಮುಟ್ಟುತ್ತಾರೆ. ಹಳೆಯ ಸಾಫ್ಟ್‌ವೇರನ್ನು ಯಂತ್ರದಲ್ಲಿಯೇ ಉಳಿಸಿಡುತ್ತಾರೆ. ಹೊಸ ಆಜ್ಞೆ ಕೊಟ್ಟ ಬಳಿಕ ಗೊತ್ತಾದ ನಿಮಿಷಗಳೊಳಗೆ ನಿರ್ವಾಹಕನು ಮತ್ತೆ ಯಂತ್ರವನ್ನು ತಲುಪಿ ದೃಢಪಡಿಸದಿದ್ದರೆ, ಯಂತ್ರವು ತಾನಾಗಿಯೇ ಹಳೆಯ ಸ್ಥಿತಿಗೆ ಮರಳುವಂತೆ ಏರ್ಪಡಿಸುತ್ತಾರೆ. ಮುಖ್ಯ ಜಾಲವನ್ನು ಅವಲಂಬಿಸದ ಬೇರೆ ತಂತಿಯಿಂದಲೋ ದೂರವಾಣಿಯಿಂದಲೋ ಯಂತ್ರವನ್ನು ಮುಟ್ಟುವ ಹಾದಿಯನ್ನು ಇಡುತ್ತಾರೆ. ಇಂದಿನ ಅಂತರಜಾಲದ ಪೂರ್ವಜವಾದ ಅರ್ಪಾನೆಟ್ ೧೯೮೩ರ ಜನವರಿ ೧ರಂದು ತನ್ನ ಸಂವಹನದ ನಿಯಮಾವಳಿಯನ್ನೇ ಬದಲಿಸಿದಾಗ ಗಣಕಗಳ ಸಂಖ್ಯೆ ಕೆಲವು ನೂರು ಮಾತ್ರ. ಆದುದರಿಂದ ಒಂದು ದಿನವನ್ನು ಗೊತ್ತುಮಾಡಿ ಎಲ್ಲರೂ ದಾಟುವುದು ಸಾಧ್ಯವಾಯಿತು. ಬೆಳೆದ ಜಾಲಕ್ಕೆ ಅಂತಹ ಸೌಕರ್ಯ ಮತ್ತೆ ದೊರೆಯುವುದಿಲ್ಲ. ಅದು ಹರಿಯುತ್ತಲೇ ಬದಲಾಗಬೇಕು.

ಇಲ್ಲಿ ಒಂದು ಭೇದವನ್ನೂ ಹೇಳುವುದು ಉಚಿತ. ಕಳೆದುಹೋದ ಸಂದೇಶವನ್ನು ಯಂತ್ರ ಮತ್ತೆ ಕಳುಹಿಸಬಲ್ಲದು. ಹೊಳೆಗೆ ಬಿಟ್ಟ ನೀರು ಮರಳುವುದಿಲ್ಲ, ಒಣಗಿದ ಬಾಳೆ ಚಿಗುರುವುದಿಲ್ಲ. ಆದುದರಿಂದ ಕಾಲುವೆಯನ್ನು ನವೀಕರಿಸುವವರ ಹೊಣೆ ಹೆಚ್ಚಿನದು. ಯಂತ್ರಜಾಲದಲ್ಲಿ ಬದಲಾವಣೆ ಸಫಲವಾಯಿತೆಂದು ಕೇಂದ್ರದಲ್ಲಿ ಕುಳಿತವನು ಹೇಳಿದರೆ ಸಾಲದು, ದೂರದ ತುದಿಯಿಂದ ಉತ್ತರ ಬರಬೇಕು. ಕಾಲುವೆಯಲ್ಲಿಯೂ ಹಾಗೆಯೇ. ತೂಬಿನ ಬಳಿಯ ಅಳತೆಗೋಲು ತೋರುವ ಅಂಕಿಗಿಂತ ಸಿರುಗುಪ್ಪದ ಕಡೆಯ ಕೊನೆಯ ಗದ್ದೆಯವನ ಮಾತೇ ಪ್ರಮಾಣ. ೨೦೦೦ದ ಕಾನೂನು ತಿದ್ದುಪಡಿಯಿಂದ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಹಂಚಿಕೆಯಲ್ಲಿ ಸ್ಥಾನ ದೊರೆತಿದೆ. ನವೀಕರಣದ ಪ್ರತಿ ಹಂತದಲ್ಲಿ ತುದಿಭಾಗದ ಸಂಘವು ನೀರು ಮುಟ್ಟಿತೆಂದು ದೃಢಪಡಿಸಿದ ಮೇಲೆಯೇ ಮುಂದಿನ ಹಂತಕ್ಕೆ ಹೋಗುವ ಪದ್ಧತಿ ನೆಲೆಗೊಂಡರೆ, ಹಿಂದೆ ನೀರುಗಂಟಿ ಕಾಲುವೆಯುದ್ದಕ್ಕೂ ನಡೆದು ಮಾಡುತ್ತಿದ್ದ ಕೆಲಸ ಹೊಸ ರೂಪದಲ್ಲಿ ಮುಂದುವರಿದಂತಾಗುತ್ತದೆ. ಅಣೆಗಳ, ಕಾಲುವೆಗಳ ಇಂತಹ ಚರಿತ್ರೆಯನ್ನು ಊರೂರಿನ ಶಾಸನ, ದಾಖಲೆ, ಹಿರಿಯರ ನೆನಪುಗಳಿಂದ ಕೂಡಿಸಿ ಎಂಜಿನಿಯರುಗಳ ಮುಂದಿಡುವುದು ನಮ್ಮಂತಹ ವಿಭಾಗಗಳ ಕರ್ತವ್ಯವೆಂದು ನಾವು ನಂಬಿದ್ದೇವೆ.